ಮಹಡಿ ಹತ್ತಿದ ರಂಪಣಿ

ಗಾಜಿನ ಪೆಟ್ಟಿಗೆ ಮೊದಲೇ ಬಂದಿತ್ತು. ಅದರೊಳಗೆ ಏನಿಡಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ತೇಗದ ಚೌಕಟ್ಟು, ಹಿತ್ತಾಳೆಯ ಬೀಗ, ಒಳಗೆ ಕೆಂಪು ಮಖಮಲ್ಲು. ಸಂಘದ ಅಧ್ಯಕ್ಷರು ಅದರ ಮೇಲೆ ಅಂಗೈಯಿಟ್ಟು ಹೇಳಿದರು:

"ಟೀಚರ್, ಇದರಲ್ಲಿ ಹಿಡಿಯುವಷ್ಟು ರಂಪಣಿ ಬಲೆ ಕತ್ತರಿಸಿ ಇಡಿ. ಬಂದವರು ನೋಡಿ ಹೋಗ್ತಾರೆ. ಅಷ್ಟು ಸಾಕು."

ನಾನು ಟೀಚರ್ ಆಗಿರಲಿಲ್ಲ. ಮಂಗಳೂರು ನಗರದ ಒಂದು ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನದ ಸಹಾಯಕಿಯಾಗಿದ್ದೆ. ಆದರೆ ನಮ್ಮ ಕಡಲ ಕರೆಯಲ್ಲಿ, ಅಂದರೆ ದಡದ ಊರಿನಲ್ಲಿ, ಕಾಲೇಜಿನ ಮೆಟ್ಟಿಲು ಹತ್ತಿದ ಹೆಂಗಸರನ್ನೆಲ್ಲ ಟೀಚರ್ ಎಂದೇ ಕರೆಯುತ್ತಿದ್ದರು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಬಂದರಿನ ಹತ್ತಿರ ನಮ್ಮ ಮೀನುಗಾರರ ಸಂಘ ಹೊಸ ಕಟ್ಟಡ ಕಟ್ಟಿತ್ತು. ಕೆಳಗೆ ಮದುವೆಗೆ ಬಾಡಿಗೆ ಕೊಡುವ ಸಭಾಂಗಣ, ಮಹಡಿಯಲ್ಲಿ ಉದ್ದನೆಯ ಒಂದು ಖಾಲಿ ಕೋಣೆ. ಆ ಕೋಣೆಯಲ್ಲಿ ನಮ್ಮವರ ಹಿಂದಿನ ಬದುಕನ್ನು ತೋರಿಸುವ ಪ್ರದರ್ಶನವೊಂದನ್ನು ಮಾಡಬೇಕು, ಉದ್ಘಾಟನೆಗೆ ದೊಡ್ಡವರನ್ನು ಕರೆಸಬೇಕು ಎಂಬುದು ಸಂಘದ ಆಸೆ. ಸಮಾಜದ ಹುಡುಗಿಗೆ ಈ ಕೆಲಸ ಗೊತ್ತುಂಟು ಎಂದು ಯಾರೋ ಹೇಳಿದ್ದರಿಂದ ನನ್ನನ್ನು ಕರೆದಿದ್ದರು.

"ಕತ್ತರಿಸಿದರೆ ಅದು ರಂಪಣಿ ಆಗುವುದಿಲ್ಲ" ಎಂದೆ.

ಅಧ್ಯಕ್ಷರು ನಕ್ಕರು. "ಮತ್ತೆಂತ ಆಗ್ತದೆ ಮಾರಾಯ್ತಿ?"

"ಬಲೆಯ ತುಂಡು ಆಗ್ತದೆ. ತುಂಡು ಬಲೆ ಎಲ್ಲ ಕಡೆ ಉಂಟು."

ರಂಪಣಿ ನೋಡದವರಿಗೆ ಇದನ್ನು ಹೇಳಬೇಕು. ಅದು ಒಬ್ಬನ ಬಲೆಯಲ್ಲ. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಒಯ್ದು, ಬಂಗುಡೆ ಮೀನಿನ ಹಿಂಡನ್ನು ಕುದುರೆ ಲಾಳದ ಹಾಗೆ ಸುತ್ತುವರಿದು, ಎರಡು ತುದಿಗಳನ್ನೂ ದಡಕ್ಕೆ ತರುತ್ತಿದ್ದರು. ಆಮೇಲೆ ಊರಿಗೆ ಊರೇ ನಿಂತು ಎಳೆಯಬೇಕು. ಒಂದು ಮನೆಯಿಂದ ಅಷ್ಟು ದೊಡ್ಡ ಬಲೆ ಮಾಡಿಸಲು ಸಾಧ್ಯವಿರಲಿಲ್ಲ. ಹಾಗಾಗಿ ಪ್ರತಿ ಮನೆಯೂ ತನ್ನ ತುಂಡನ್ನು ತಾನೇ ನೇಯ್ದು ತರುತ್ತಿತ್ತು. ಎಲ್ಲವನ್ನೂ ಸಾಲಾಗಿ ಹೊಲಿದರೆ ರಂಪಣಿ. ಸಿಕ್ಕಿದ ಮೀನಿನಲ್ಲಿ ಎಲ್ಲ ಮನೆಗೂ ಪಾಲು. ನಮ್ಮ ಕರೆಯಲ್ಲಿ ಗಂಡ ತೀರಿಹೋದ ಮನೆಗೂ ಪಾಲು ತಪ್ಪುತ್ತಿರಲಿಲ್ಲ, ಏಕೆಂದರೆ ಆ ಮನೆಯ ತುಂಡು ಬಲೆಯಲ್ಲಿ ಇದ್ದೇ ಇರುತ್ತಿತ್ತು. ನನ್ನ ಅಪ್ಪ ಆ ಹಗ್ಗ ಎಳೆದವರು. ಎಳೆದ ದಿನ ಅವರ ಅಂಗೈಗೆ ಅಮ್ಮ ತೆಂಗಿನೆಣ್ಣೆ ಹಚ್ಚುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅದೆಲ್ಲ ನಿಂತಿತ್ತು. ಯಂತ್ರದ ಬೋಟುಗಳು ದೊಡ್ಡ ನೈಲಾನ್ ಬಲೆ ಹಿಡಿದು ಆಳಕ್ಕೆ ಹೋಗಿ ಹಿಂಡನ್ನೇ ಎತ್ತಿಕೊಂಡು ಬರತೊಡಗಿದವು. ಮೀನು ಕರೆಗೆ ಬರಲಿಲ್ಲ. ರಂಪಣಿಯ ಗುಂಪುಗಳು ಒಡೆದವು, ಮನೆ ಮನೆಯವರು ತಮ್ಮ ತಮ್ಮ ತುಂಡು ಬಿಚ್ಚಿಕೊಂಡು ಹೋದರು. ಅಂಥ ಬೋಟುಗಳನ್ನು ಮೊದಲು ಇಳಿಸಿದವರಲ್ಲಿ ನಮ್ಮ ಅಧ್ಯಕ್ಷರೂ ಒಬ್ಬರು. ಸಂಘದ ಕಟ್ಟಡ ಎದ್ದದ್ದು ಹೆಚ್ಚಿನಂಶ ಅವರ ಕೈಯ ದುಡ್ಡಿನಿಂದಲೇ.

ನಾನು ಕೆಲಸ ಒಪ್ಪಿಕೊಂಡೆ. ಗಾಜಿನ ಪೆಟ್ಟಿಗೆಯ ಮಾತಿಗೆ ಹೂಂ ಎನ್ನಲಿಲ್ಲ, ಉಹೂಂ ಎಂದೂ ಹೇಳಲಿಲ್ಲ. ಭಾನುವಾರ ಬಲೆ ಹುಡುಕಿಕೊಂಡು ಹೊರಟೆ.

ಮೊದಲ ತುಂಡು ಸಿಕ್ಕಿದ್ದು ಹಾಗಲಕಾಯಿಯ ಚಪ್ಪರದಲ್ಲಿ. ಆ ಮನೆಯ ಹೆಂಗಸು ಹಂಪನಕಟ್ಟೆಯ ಸುತ್ತಮುತ್ತ ಬುಟ್ಟಿ ಹೊತ್ತು ಮೀನು ಮಾರುವವರು. ಗಂಡ ಇಲ್ಲ. ನಾನು ವಿಷಯ ಹೇಳಿದಾಗ ಚಪ್ಪರದ ಕಡೆ ನೋಡಿ, "ಇದನ್ನಾ? ಇದನ್ನು ನೋಡ್ಲಿಕ್ಕೆ ಜನ ಬರ್ತಾರಾ?" ಎಂದರು.

"ಬರಬೇಕು ಅಕ್ಕ. ಬರುವ ಹಾಗೆ ಮಾಡ್ತೇನೆ."

ಬಳ್ಳಿ ಒಣಗುವ ತನಕ ಕಾಯಲು ಹೇಳಿದರು. ಮುಂದಿನ ವಾರ ಹೋದಾಗ ಬಲೆ ಮಡಚಿ ಜಗಲಿಯ ಮೇಲಿತ್ತು; ಕಾಯಿ ಬಿಡುತ್ತಿದ್ದ ಬಳ್ಳಿಯನ್ನು ಬುಡದಿಂದಲೇ ಕಿತ್ತು ಹಾಕಿದ್ದರು.

ಉಳಿದವು ಹೀಗೇ ಸಿಕ್ಕಿದವು. ಕೋಳಿ ಗೂಡಿನ ಮೇಲೆ ಒಂದು, ಬಾವಿಯ ಬಾಯಿಗೆ ಹಾಸಿದ್ದು ಇನ್ನೊಂದು, ಅಟ್ಟದಲ್ಲಿ ಇಲಿ ಮರಿ ಹಾಕಿದ್ದ ಮತ್ತೊಂದು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಬೈದು ಕಳುಹಿಸಿದರು. ರಂಪಣಿಯ ಮುಂದಾಳಾಗಿದ್ದ ಹಳೆಯ ತಂಡೇಲರು ನನ್ನ ಅಪ್ಪನ ಗೆಳೆಯರೇ, ಆದರೂ ಮುಖ ತಿರುಗಿಸಿದರು. "ಬಲೆ ಕಡಲಿಗೆ. ಗೋಡೆಗಲ್ಲ. ನನ್ನನ್ನು ಕೇಳಬೇಡ" ಎಂದರು. ಅವರ ಮಗ ಆಗ ಯಂತ್ರದ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ.

ಬಲೆ ತಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಹತ್ತಿಯ ನೂಲು, ಸೆಣಬಿನ ಹಗ್ಗ, ವರ್ಷಾನುಗಟ್ಟಲೆ ಕುಡಿದ ಉಪ್ಪು. ಉಪ್ಪು ಒಳಗಿದ್ದರೆ ಮಂಗಳೂರಿನ ಗಾಳಿಯ ತೇವವನ್ನೆಲ್ಲ ಅದು ಎಳೆದುಕೊಳ್ಳುತ್ತದೆ, ನೂಲು ಒಳಗಿಂದಲೇ ಕೊಳೆಯುತ್ತದೆ. ಸಂಘದ ಹಿತ್ತಿಲಿನಲ್ಲಿದ್ದ ಸಿಮೆಂಟಿನ ತೊಟ್ಟಿಯಲ್ಲಿ ಸಿಹಿನೀರು ತುಂಬಿಸಿ ಒಂದೊಂದೇ ತುಂಡನ್ನು ನೆನೆಹಾಕಿದೆ. ಹಿಂಡುವಂತಿಲ್ಲ, ತಿಕ್ಕುವಂತಿಲ್ಲ. ಹಳೆಯ ಸೀರೆಯ ಮೇಲೆ ಹರವಿ ಆ ಸೀರೆಯನ್ನೇ ನಾಲ್ಕು ಮೂಲೆ ಹಿಡಿದು ಎತ್ತಬೇಕು; ಇಲ್ಲದಿದ್ದರೆ ಒದ್ದೆ ಬಲೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕರು ಸಿಲ್ವರ್ ನೈಟ್ರೇಟಿನ ಸಣ್ಣ ಕಂದು ಶೀಸೆ ಕೊಟ್ಟಿದ್ದರು. ತೊಳೆದ ನೀರನ್ನು ಲೋಟದಲ್ಲಿ ತೆಗೆದು ಒಂದು ಹನಿ ಬಿಟ್ಟರೆ, ಉಪ್ಪಿದ್ದಾಗ ನೀರು ಹಾಲಿನಂತೆ ಬೆಳ್ಳಗಾಗುತ್ತಿತ್ತು. ಬೆಳ್ಳಗಾದರೆ ಮತ್ತೆ ನೀರು ಬದಲಿಸು. ಕೊನೆಗೊಮ್ಮೆ ಹನಿ ಬಿದ್ದರೂ ಲೋಟ ತಿಳಿಯಾಗಿಯೇ ಉಳಿದ ದಿನ, ಯಾರೂ ಇಲ್ಲದ ಹಿತ್ತಿಲಿನಲ್ಲಿ ನಾನು ಒಬ್ಬಳೇ ಗಟ್ಟಿಯಾಗಿ ನಕ್ಕಿದ್ದೆ.

ನೆರಳಿನಲ್ಲಿ ಒಣಗಿಸಿದೆ. ಹುಡಿಯಾಗುತ್ತಿದ್ದ ಕಡೆ ಹಿಂಬದಿಗೆ ಹೊಸ ಹತ್ತಿ ಬಲೆ ಕೊಟ್ಟು ಹೊಲಿದೆ. ಹೊಸದು ಎದ್ದು ಕಾಣದಿರಲೆಂದು ಅದನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಬಣ್ಣ ಬರಿಸಿದೆ. ಹಿಂದೆ ಬಲೆಗಳಿಗೆ ಹಾಕುತ್ತಿದ್ದುದೂ ಅದೇ ಬಣ್ಣ. ಮಳೆಗಾಲ ಹಿಡಿದಾಗ ಎರಡು ತುಂಡಿಗೆ ಬೂಷ್ಟು ಬಂತು. ಮೆತ್ತಗಿನ ಬ್ರಷ್ಷಿನಲ್ಲಿ ಒರೆಸಿ, ಮಹಡಿಯ ಕೋಣೆಗೆ ಸಾಗಿಸಿ, ಬಲೆಗೆ ಬಿಸಿ ತಾಗದಷ್ಟು ದೂರದಲ್ಲಿ ಕೆಂಡದ ಬಾಣಲೆ ಇಟ್ಟು ಗಾಳಿ ಒಣಗಿಸಿದೆ. ಸಂಘದ ಕಾರ್ಯದರ್ಶಿ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಮೆತ್ತಗಿನ ಸ್ವಭಾವದವರು, ಒಮ್ಮೊಮ್ಮೆ ಮೆಟ್ಟಿಲ ಮೇಲೆ ನಿಂತು ಇಣುಕಿ, "ಅಧ್ಯಕ್ಷರು ಕೇಳ್ತಿದ್ದರು, ಪೆಟ್ಟಿಗೆ ಇನ್ನೂ ಖಾಲಿ ಉಂಟಲ್ಲಾ ಅಂತ" ಎಂದು ಹೇಳಿ ಇಳಿದುಹೋಗುತ್ತಿದ್ದರು.

ಮಳೆ ನಿಂತ ಮೇಲೆ ಒಂದು ಸಂಜೆ ಕಾಲೇಜು ಮುಗಿಸಿ ಮಹಡಿ ಹತ್ತಿದರೆ ಪೆಟ್ಟಿಗೆ ಖಾಲಿಯಿರಲಿಲ್ಲ. ಕೆಂಪು ಮಖಮಲ್ಲಿನ ಮೇಲೆ ಚೌಕನೆಯ ಬಲೆ, ಅದರಡಿ ಹಿತ್ತಾಳೆಯ ಫಲಕ: 'ರಂಪಣಿ — ನಮ್ಮ ಹೆಮ್ಮೆ'. ಮೂಲೆಯಲ್ಲಿ ನಾನು ಹರವಿಟ್ಟಿದ್ದ ಬಲೆಯ ನಡುವೆ ಅಷ್ಟೇ ಅಗಲದ ತೂತು. ಕತ್ತರಿ ಹರಿತವಾಗಿದ್ದಿರಬೇಕು, ಅಂಚಿನಲ್ಲಿ ಒಂದು ನೂಲೂ ಎದ್ದಿರಲಿಲ್ಲ. ಅದು ಹಾಗಲ ಚಪ್ಪರದ ಮನೆಯ ತುಂಡು.

ಕಾರ್ಯದರ್ಶಿಯವರು ನನ್ನ ಹಿಂದೆಯೇ ಬಂದು ನಿಂತಿದ್ದರು. "ನಾನು ಬೇಡ ಹೇಳಿದೆ ಟೀಚರ್. ಅಧ್ಯಕ್ಷರು ಕೇಳ್ಲಿಲ್ಲ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗ್ಲಿಕ್ಕೆ ಉಂಟು, ಇನ್ನು ಎಷ್ಟು ದಿನ ತೊಳಿತಾ ಕೂತುಕೊಳ್ಳುದು ಅಂತ..."

ಮಾತು ಹೊರಟರೆ ಅಳು ಬರುತ್ತಿತ್ತು, ಅವರೆದುರು ಅಳುವ ಮನಸ್ಸಿರಲಿಲ್ಲ. ನೇರ ಆ ಅಕ್ಕನ ಮನೆಗೆ ಹೋದೆ. ಬುಟ್ಟಿ ತೊಳೆದು ಬೋರಲು ಹಾಕುತ್ತಿದ್ದರು. ನಡೆದದ್ದನ್ನು ಹೇಳಿದೆ.

"ನನ್ನನ್ನು ಕೇಳಿದರಾ?" ಎಂದರು.

"ಇಲ್ಲ ಅಕ್ಕ. ನನ್ನನ್ನೂ ಕೇಳಲಿಲ್ಲ."

"ನಿನ್ನನ್ನು ಯಾಕೆ ಕೇಳಬೇಕು? ಬಲೆ ನಿನ್ನದಾ?"

ಆ ಮಾತು ನನಗೆ ಚುರುಕ್ಕೆಂದಿತು, ಆದರೆ ದಾರಿಯೂ ಅದರಲ್ಲೇ ಇತ್ತು. ಬಲೆ ನನ್ನದಲ್ಲ, ಹಾಗೆಂದ ಮೇಲೆ ಸಂಘದ್ದೂ ಅಲ್ಲ. ತುಂಡು ಕೊಟ್ಟ ಮನೆಗಳದ್ದು. ಇಷ್ಟು ದಿನ ನಾನು ಅಧ್ಯಕ್ಷರ ಜೊತೆ ವಾದಿಸುತ್ತಿದ್ದೆ. ಕೇಳಬೇಕಾದವರನ್ನು ಕೇಳಿಯೇ ಇರಲಿಲ್ಲ. ಬೆಳಗಾದ ಮೇಲೆ ಎರಡು ಕೈಗಾಡಿ ತರಿಸಿ ಎಲ್ಲ ತುಂಡುಗಳನ್ನೂ, ಪೆಟ್ಟಿಗೆಯೊಳಗಿನ ಚೌಕವನ್ನೂ ಸೇರಿಸಿ, ಮಹಡಿಯಿಂದ ಇಳಿಸಿದೆ. ಕಾರ್ಯದರ್ಶಿಯವರು ಪೆಟ್ಟಿಗೆಯ ಬೀಗದ ಕೈ ಕೊಡುವಾಗ ಬೇರೆ ಕಡೆ ನೋಡುತ್ತಿದ್ದರು. ಬಂದರಿನಿಂದ ದೋಣಿಯಲ್ಲಿ ನದಿ ದಾಟಿಸಿ, ಬಲೆ ಕೊಟ್ಟ ಮನೆಗಳಿದ್ದ ಆಚೆಯ ಕಡಲ ಕರೆಯಲ್ಲಿ ಮರಳಿನ ಮೇಲೆ ಚಾಪೆ ಹಾಸಿ ಬಲೆಯನ್ನು ಹರವಿದೆ. ಮನೆ ಮನೆಗೆ ಹೋಗಿ ಒಂದೇ ಮಾತು ಹೇಳಿದೆ: "ನಿಮ್ಮ ತುಂಡು ಅಲ್ಲಿ ಉಂಟು. ಬೇಕಾದರೆ ವಾಪಸ್ ತೆಕ್ಕೊಂಡು ಹೋಗಿ. ಬೇಡವಾದರೆ ಕೂತು ಹೊಲಿಯಿರಿ."

ಜನ ಬಂದರು. ಮೊದಲು ನೋಡಲು ಬಂದರು, ಆಮೇಲೆ ಜಗಳ ಆಡಲು. ನಮ್ಮ ತುಂಡಿನ ಪಕ್ಕ ಅವರ ತುಂಡು ಇತ್ತು, ಅಲ್ಲ ಇವರದ್ದಿತ್ತು, ನಿನ್ನ ಮಾವನಿಗೆ ಗಂಟು ಹಾಕಲಿಕ್ಕೇ ಬರುತ್ತಿರಲಿಲ್ಲ, ಈ ಗಂಟು ನೋಡು — ಹೀಗೆ ತುಳುವಿನಲ್ಲಿ ದೊಡ್ಡ ಗದ್ದಲ. ಆ ಗದ್ದಲ ಕೇಳಿ ತಂಡೇಲರು ತಮ್ಮ ಮನೆಯಿಂದ ಎದ್ದು ಬಂದರು. ಸ್ವಲ್ಪ ಹೊತ್ತು ಸೊಂಟಕ್ಕೆ ಕೈಯಿಟ್ಟು ನಿಂತರು. "ಎಲ್ಲ ತಪ್ಪು ಇಟ್ಟಿದ್ದೀರಿ" ಎಂದು ರೇಗಿ, ಪಂಚೆ ಎತ್ತಿಕಟ್ಟಿ ಚಾಪೆಯ ನಡುವೆ ಇಳಿದರು. ಗೋಡೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಾಲು ಕೂಡಿಸುತ್ತಾ ಬಂದಾಗ ನಡುವೆ ಒಂದು ಕಡೆ ಜಾಗ ಉಳಿಯಿತು. ತಂಡೇಲರು ಆ ಖಾಲಿ ಮರಳಿಗೆ ಕೈ ತೋರಿಸಿ, "ಇದು ನಿಮ್ಮ ಅಧ್ಯಕ್ಷರ ಅಪ್ಪನದ್ದು" ಎಂದರು. ಎಲ್ಲರೂ ನನ್ನ ಮುಖ ನೋಡಿದರು.

ಮರುದಿನ ನಗರದ ಕೊಟ್ಟಾರದಲ್ಲಿದ್ದ ಅಧ್ಯಕ್ಷರ ಮನೆಗೆ ಹೋದೆ. ಬಲೆ ಸಾಗಿಸಿದ ಸುದ್ದಿ ಆಗಲೇ ತಲುಪಿತ್ತು. ಅಧ್ಯಕ್ಷರು ಕುರ್ಚಿ ತೋರಿಸಲಿಲ್ಲ.

"ಸಂಘದ ಸೊತ್ತನ್ನು ಮರಳಿಗೆ ಹಾಕಿದ್ದೀರಿ. ಪೊಲೀಸಿಗೆ ಕೊಡಬಹುದು, ಗೊತ್ತುಂಟಾ?"

"ಕೊಡಿ. ಯಾರ ತುಂಡು ಯಾರದ್ದು ಅಂತ ಅವರಿಗೂ ಹೇಳ್ತೇವೆ. ನಿಮ್ಮ ಮನೆಯದ್ದು ಮಾತ್ರ ಇಲ್ಲ. ಅದನ್ನು ಕೇಳ್ಲಿಕ್ಕೆ ಬಂದದ್ದು."

"ಅದೆಲ್ಲ ಎಂದೋ ಹಾಳಾಗಿ ಹೋಯ್ತು."

ಒಳಗಿನಿಂದ ಅವರ ತಾಯಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ತೀರಾ ವಯಸ್ಸಾದ, ಬೆನ್ನು ಬಾಗಿದ ಹೆಂಗಸು. ಮಗನನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ನಾನು ಬರಿಗೈಯಲ್ಲಿ ಬಸ್ ಹತ್ತಿದೆ.

ಆ ತಾಯಿ ಕರೆಗೆ ಬಂದದ್ದು ಮರುದಿನ ಮಧ್ಯಾಹ್ನ. ಆಟೋದಲ್ಲಿ ಬಂದರಿನವರೆಗೆ, ಅಲ್ಲಿಂದ ದೋಣಿಯಲ್ಲಿ. ಜೊತೆಗೆ ಅಡಿಗೆಯ ಕೆಲಸದ ಹೆಂಗಸು, ಅವಳ ತಲೆಯ ಮೇಲೆ ಹಳೆಯ ಬೆಡ್‌ಶೀಟಿನ ಗಂಟು. ಗಂಟು ಬಿಚ್ಚಿದಾಗ ಬಲೆಗೆ ಇನ್ನೂ ಡಾಂಬರುಗುಳಿಗೆಯ ವಾಸನೆಯಿತ್ತು. ಆ ತುಂಡಿನಷ್ಟು ಚೆನ್ನಾಗಿ ಉಳಿದದ್ದು ಬೇರೊಂದಿರಲಿಲ್ಲ.

"ಇಷ್ಟು ವರ್ಷ ಕಪಾಟಿನಲ್ಲಿ ಇಟ್ಟಿದ್ದೆ" ಎಂದರು. "ಹಾಳಾಯ್ತು ಅಂತ ಮಗ ಹೇಳಿದ್ದು ಸುಳ್ಳಲ್ಲ, ಇಟ್ಟದ್ದು ಅವನಿಗೆ ಗೊತ್ತಿಲ್ಲ."

"ಅವರು ಸಿಟ್ಟು ಮಾಡ್ತಾರೆ ಅಮ್ಮ" ಎಂದೆ.

"ಮಾಡ್ಲಿ. ನನ್ನ ಗಂಡ ಎಳೆದ ಬಲೆ ಇದು. ಮಗನದ್ದಲ್ಲ."

ಮರಳಿನಲ್ಲಿ ಕೂತು ಸೂಜಿ ಕೇಳಿದರು. ಒಂದೆರಡು ಗಂಟು ಹಾಕಿ ಸೂಜಿಯನ್ನು ನನಗೇ ಕೊಟ್ಟರು. ಕತ್ತರಿಸಿದ್ದ ಚೌಕವನ್ನು ಬುಟ್ಟಿ ಹೊರುವ ಅಕ್ಕ ತಾವೇ ಸೇರಿಸಿದರು. ಕಾಣದ ಹಾಗೆ ಹೊಲಿಯಬಹುದು ಎಂದು ನಾನು ಬಣ್ಣದ ನೂಲು ಕೊಟ್ಟೆ. ಅವರು ಅದನ್ನು ಬದಿಗಿಟ್ಟು ಬಿಳಿ ನೂಲು ತೆಗೆದುಕೊಂಡರು. "ಕಾಣಲಿ" ಎಂದರು.

ತಾಯಿಯೇ ಬಲೆ ಕೊಟ್ಟ ಮೇಲೆ ಅಧ್ಯಕ್ಷರಿಗೆ ತಡೆಯಲು ಆಗಲಿಲ್ಲ. ಬಲೆ ಮಹಡಿಗೆ ಮರಳಿತು. ತೂಗುಹಾಕುವುದರಲ್ಲಿ ಇನ್ನೊಂದಿಷ್ಟು ವಾರ ಹೋದವು. ಬಲೆಯ ಭಾರ ಬಲೆಯ ಮೇಲೆಯೇ ಬೀಳಬಾರದು. ದೋಣಿ ಕಟ್ಟುವ ಆಚಾರಿಯವರು ಗೋಡೆಗಳ ಉದ್ದಕ್ಕೂ ಮರದ ಪಟ್ಟಿ ಕೂರಿಸಿದರು. ಮೇಲಿನ ಹಗ್ಗವನ್ನು ಗೇಣು ಗೇಣಿಗೆ ಹತ್ತಿಯ ಲಾಡಿಯಿಂದ ಪಟ್ಟಿಗೆ ಕಟ್ಟಿದೆವು. ಬಲೆ ಮುಳುಗಲೆಂದು ಕೆಳ ಅಂಚಿಗೆ ಕಟ್ಟಿದ್ದ ಕಲ್ಲಿನ ಭಾರಗಳು ಜೋತುಬಿದ್ದರೆ ಹರಿದೀತೆಂದು ಅವಕ್ಕೆ ನೆಲದಲ್ಲಿ ಸಣ್ಣ ಕಟ್ಟೆ ಮಾಡಿ ಕೂರಿಸಿದೆವು. ಬಿಸಿಲಿಗೆ ನೂಲು ಸಾಯುತ್ತದೆ, ಪಡುವಣ ಕಿಟಕಿಗಳಿಗೆ ದಪ್ಪ ಪರದೆ. ಬಾಗಿಲಿನ ಎರಡೂ ಬದಿಯಿಂದ ಹೊರಟ ಬಲೆ ಮೂರು ಗೋಡೆ ಸುತ್ತಿ ಹಿಂದುಗಡೆ ಕೂಡುತ್ತಿತ್ತು. ಒಳಗೆ ಬಂದವರು ಮೀನು ನಿಲ್ಲುವ ಜಾಗದಲ್ಲಿ ನಿಲ್ಲುತ್ತಿದ್ದರು. ಎಲ್ಲ ಸೇರಿದರೂ ಅದು ಇಡೀ ರಂಪಣಿಯ ಒಂದು ಅಂಶ ಮಾತ್ರ. ಆದರೂ ಕೋಣೆಗೆ ಕಾಲಿಟ್ಟವರು ಮಾತು ತಗ್ಗಿಸುತ್ತಿದ್ದರು.

ಜಗಳ ಮುಗಿಯಿತು ಎಂದುಕೊಂಡೆ. ಇನ್ನೊಂದು ಉಳಿದಿತ್ತು. ಬಾಗಿಲ ಪಕ್ಕದ ಹಲಗೆಯಲ್ಲಿ ನಾನು ಬಣ್ಣದಲ್ಲಿ ವಿವರಣೆ ಬರೆದಿದ್ದೆ. ಬಲೆ ಹೇಗೆ ಮಾಡುತ್ತಿದ್ದರು, ಹೇಗೆ ಎಳೆಯುತ್ತಿದ್ದರು, ಪಾಲು ಹೇಗೆ. ಕೊನೆಯಲ್ಲಿ ಹೀಗಿತ್ತು: 'ಯಂತ್ರದ ಬೋಟುಗಳು ದೊಡ್ಡ ಬಲೆ ಹಾಕತೊಡಗಿದ ಮೇಲೆ ಮೀನು ಕರೆಗೆ ಬರಲಿಲ್ಲ. ರಂಪಣಿ ನಿಂತಿತು. ಆ ಬೋಟುಗಳಲ್ಲಿ ಹಲವು ನಮ್ಮವರದೇ.'

ಉದ್ಘಾಟನೆಯ ಹಿಂದಿನ ದಿನ ಅಧ್ಯಕ್ಷರು ಒಬ್ಬರೇ ಬಂದರು. ಬಲೆಯ ಒಳಗೆ ನಿಂತು ಸುತ್ತಲೂ ನೋಡಿದರು. ತಮ್ಮ ಅಪ್ಪನ ತುಂಡು ಯಾವುದೆಂದು ಕೇಳಿದರು, ತೋರಿಸಿದೆ. ಮುಟ್ಟಲು ಹೋಗಿ ಕೈ ಹಿಂತೆಗೆದರು. ಆಮೇಲೆ ಹಲಗೆಯ ಮುಂದೆ ನಿಂತರು.

"ಈ ಕೊನೆಯ ಸಾಲು ತೆಗೀರಿ. 'ಕಾಲ ಬದಲಾಗಿ ರಂಪಣಿ ಮರೆಯಾಯಿತು' ಅಂತ ಬರೀರಿ."

"ಕಾಲ ಬಂದು ಮೀನು ಹಿಡಿಯಲಿಲ್ಲ" ಎಂದೆ.

ಅವರ ಮುಖ ಕೆಂಪಾಯಿತು. "ಟೀಚರ್, ನಾನೂ ಈ ಹಗ್ಗ ಎಳೆದವ. ಒಂದು ದಿನ ಮೀನು, ನಾಲ್ಕು ದಿನ ಉಪವಾಸ. ಬೋಟು ತಂದದ್ದು ಪಾಪವಾ? ಇವತ್ತು ನನ್ನ ಬೋಟಿನಲ್ಲಿ ಎಷ್ಟು ಮನೆಯವರು ಉಣ್ಣುತ್ತಾರೆ, ಅದನ್ನು ಬರೆದಿದ್ದೀರಾ?"

"ಬರೆಯುತ್ತೇನೆ, ಹೇಳಿ. ಅದೂ ನಡೆದದ್ದೇ. ಆದರೆ ಇದನ್ನು ತೆಗೆದು ಅದನ್ನು ಬರೆಯುವುದಿಲ್ಲ. ತಪ್ಪು ಅಂತ ನಾನೆಲ್ಲೂ ಬರೆದಿಲ್ಲ. ಆದದ್ದು ಬರೆದಿದ್ದೇನೆ."

"'ನಮ್ಮವರದೇ' ಅಂತ ಯಾಕೆ? ಊರೆಲ್ಲ ಓದಿ ನಗಬೇಕಾ?"

"ಬೇರೆಯವರದ್ದು ಅಂತ ಬರೆದರೆ ಸುಳ್ಳಾಗ್ತದೆ."

ಅವರ ದನಿ ಮೆತ್ತಗಾಯಿತು. ಈ ಸಂಗ್ರಹಕ್ಕೆ ಕಾಯಂ ಆಗಿ ಒಬ್ಬರು ಬೇಕು, ನೀವೇ ಇರಿ, ಸಂಘದಲ್ಲಿ ಮಾತಾಡುತ್ತೇನೆ ಎಂದರು. ನಿಜ ಹೇಳಬೇಕೆಂದರೆ ಆ ಕೆಲಸ ನನಗೆ ಬೇಕಿತ್ತು. ಆ ಕೋಣೆಯ ಒಂದೊಂದು ಗಂಟೂ ನನ್ನ ಬೆರಳಿಗೆ ಪರಿಚಯವಾಗಿತ್ತು. ಬ್ರಷ್ಷು, ಬಣ್ಣದ ಡಬ್ಬಿ ಎರಡನ್ನೂ ಅವರ ಮುಂದಿಟ್ಟೆ.

"ಅಳಿಸುವುದಾದರೆ ನೀವೇ ಅಳಿಸಿ. ನಾನು ಅಳಿಸುವುದಿಲ್ಲ."

ಅವರು ಬ್ರಷ್ಷನ್ನು ನೋಡಿದರು. ಮುಟ್ಟದೆ ಮೆಟ್ಟಿಲಿಳಿದು ಹೋದರು.

ಉದ್ಘಾಟನೆಗೆ ಬಂದ ಅತಿಥಿಗಳಿಗೆ ಇದೊಂದೂ ಗೊತ್ತಿರಲಿಲ್ಲ. ಟೇಪು ಕತ್ತರಿಸಿ ಒಳಗೆ ಬಂದವರು ಒಳ್ಳೆಯ ಕಂಠದಲ್ಲಿ ಹಲಗೆಯನ್ನು ಮೊದಲಿನಿಂದ ಓದತೊಡಗಿದರು. ಕೊನೆಯ ಸಾಲಿಗೆ ಬಂದಾಗ ಅವರಿಗೇ ಏನೋ ಅನಿಸಿ ದನಿ ಸಣ್ಣದಾಯಿತು. ಕೋಣೆಯಲ್ಲಿ ಬೋಟಿನವರೂ ಇದ್ದರು, ಬೋಟಿನಿಂದ ಕೆಲಸ ಕಳೆದುಕೊಂಡವರೂ ಇದ್ದರು. ಅಧ್ಯಕ್ಷರು ನೆಲ ನೋಡುತ್ತಿದ್ದರು. ಕುರ್ಚಿಯಲ್ಲಿ ಕೂತಿದ್ದ ಅವರ ತಾಯಿಗೆ ಕಿವಿ ಮಂದ.

"ಕಡೆಗೆ ಎಂತ ಓದಿದರು?" ಎಂದು ಗಟ್ಟಿಯಾಗಿ ಕೇಳಿದರು.

ಬುಟ್ಟಿ ಹೊರುವ ಅಕ್ಕ ಬಗ್ಗಿ, ಅವರ ಕಿವಿಗೆ ಅದನ್ನೇ ತುಳುವಿನಲ್ಲಿ ಹೇಳಿದರು. ಗುಟ್ಟಾಗಿ ಹೇಳುವ ಗಂಟಲು ಅವರದಲ್ಲ, ಎಲ್ಲರಿಗೂ ಕೇಳಿಸಿತು.

ಮುದುಕಿ ತಲೆಯಾಡಿಸಿದರು. "ಸರಿ ಉಂಟಲ್ಲ" ಎಂದರು.

ಅಷ್ಟೇ. ಭಾಷಣಗಳು ನಡೆದವು, ಕೆಳಗೆ ಊಟವಾಯಿತು. ಧನ್ಯವಾದ ಹೇಳುವಾಗ ನನ್ನ ಹೆಸರು ಬರಲಿಲ್ಲ, ಕಾಯಂ ಕೆಲಸದ ಮಾತೂ ಮತ್ತೆ ಬರಲಿಲ್ಲ. ಆದರೆ ನನ್ನ ಬಳಿಯಿದ್ದ ಕೋಣೆಯ ಬೀಗದ ಕೈಯನ್ನು ವಾಪಸ್ ಕೇಳಲು ಯಾರೂ ಬರಲಿಲ್ಲ, ನಾನಾಗಿ ಕೊಡಲೂ ಇಲ್ಲ. ಭಾನುವಾರಗಳಂದು ಹೋಗಿ ಧೂಳು ಹೊಡೆಯುತ್ತಿದ್ದೆ, ಇಲಿಯ ಹಿಕ್ಕೆ ಇದೆಯೇ ನೋಡುತ್ತಿದ್ದೆ.

ಕೆಲವು ತಿಂಗಳ ಮೇಲೆ ಹೋದಾಗ ಹಲಗೆಯ ಕೊನೆಯ ಸಾಲಿನ ಮೇಲೆ ಬಿಳಿ ಬಣ್ಣ ಬಳಿದಿತ್ತು. ಯಾರೆಂದು ಕೇಳಲಿಲ್ಲ. ಒಣಗಿದ ಮೇಲೆ ಅದೇ ಜಾಗದಲ್ಲಿ ಅದೇ ಸಾಲು ಬರೆದೆ. ಮಳೆಗಾಲಕ್ಕೆ ಮೊದಲು ಮತ್ತೆ ಬಳಿದರು. ಮತ್ತೆ ಬರೆದೆ. ಕಾರ್ಯದರ್ಶಿಯವರು ಮೆಟ್ಟಿಲ ಮೇಲೆ ಸಿಕ್ಕಿ, "ಎಷ್ಟು ಸಲ ಅಂತ ಬರೀತೀರಿ ಟೀಚರ್? ಬಿಟ್ಟುಬಿಡಿ, ಪೊಕ್ಕಡೆ, ಸುಮ್ಮನೆ ನಿಷ್ಠುರ" ಎಂದರು. ಅವರ ಮಾತಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಬಿಡುವ ಮನಸ್ಸು ನನಗೂ ಬರಲಿಲ್ಲ.

ಮೂರನೆಯ ಸಲ ಬಣ್ಣ ಬಿದ್ದಾಗ ನಾನು ಬ್ರಷ್ಷು ಹಿಡಿಯಲಿಲ್ಲ. ಹಲಗೆಯನ್ನೇ ಬಿಚ್ಚಿ ಆಚಾರಿಯವರ ಬಳಿಗೆ ಒಯ್ದೆ. ಹಿಂಬದಿಯ ಬರಿ ಮರದ ಮೇಲೆ ಎಲ್ಲ ಸಾಲುಗಳನ್ನೂ ಸೀಸದಕಡ್ಡಿಯಲ್ಲಿ ಬರೆದುಕೊಟ್ಟೆ. ಅವರು ಓದಿ ನೋಡಿ, ಉಳಿಯ ಅಲಗನ್ನು ಹೆಬ್ಬೆರಳಿನಲ್ಲಿ ಸವರಿದರು.

"ಎಷ್ಟು ಆಳ ಬೇಕು?"

"ಬಣ್ಣ ತುಂಬಿದರೂ ಮುಚ್ಚಬಾರದು."

ಅವರು ಅಕ್ಷರ ಕೊರೆದುಕೊಟ್ಟ ಆ ಹಲಗೆ ಈಗ ಬಾಗಿಲ ಪಕ್ಕದಲ್ಲಿದೆ. ಕೋಣೆಗೆ ಸುಣ್ಣ ಬಣ್ಣ ಆದಾಗ ಅದಕ್ಕೂ ಒಂದು ಕೈ ಬಿಳಿ ಬಿದ್ದಿದೆ. ಆದರೂ ಓದಲು ಬರುತ್ತದೆ.